ರಾಪಪೋರ್ಟ್ ಒಳಗಿನಿಂದ ನೋಡದ ಗುಮ್ಮಟ

ಹೊಲ್ದವಾರದಲ್ಲಿ ಹುಟ್ಟಿದವರು ಯಾರೂ ಆರ್ಮಿನ್ ರಾಪಪೋರ್ಟನ ಕೈಯಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅಕ್ಷರ ಕಲಿಯುವುದು ಅವನು ಕಟ್ಟಿದ ಶಾಲೆಯಲ್ಲಿ, ತೆರಿಗೆಗೆ ಜಗಳ ಕಾಯುವುದು ಅವನು ಕಟ್ಟಿದ ಪುರಭವನದಲ್ಲಿ, ನಾಟಕ ನೋಡಿ ಕಣ್ಣೊರೆಸಿಕೊಳ್ಳುವುದು ಅವನು ಕಟ್ಟಿದ ರಂಗಮಂದಿರದಲ್ಲಿ. ತಿಸ್ಸಾ ನದಿಯ ಎರಡೂ ದಡದ ಊರುಗಳಲ್ಲಿ ಅವನು ಎಬ್ಬಿಸಿದ ಸಿನಗಾಗ್‌ಗಳೇ, ಎಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರಗಳೇ, ಏಳು. ಇಷ್ಟೆಲ್ಲ ಮಾಡಿದವನಿಗೆ ಸ್ವಲ್ಪ ಜಂಬ ಇರಬಾರದೇ? ಇತ್ತು. ಸ್ವಲ್ಪ ಅಲ್ಲ, ಧಾರಾಳವಾಗಿಯೇ ಇತ್ತು. ಬೀದಿಯಲ್ಲಿ ನಡೆಯುವಾಗ ತನ್ನ ಕಟ್ಟಡ ಎದುರಾದರೆ ಟೊಪ್ಪಿ ತೆಗೆದು ನಮಸ್ಕಾರ ಮಾಡುತ್ತಿದ್ದ ಆಸಾಮಿ ಅವನು.

ಆಗಿನ ಕಾಲದ ಹುಚ್ಚೇ ಬೇರೆ. ಹೊಸ ಕಟ್ಟಡಕ್ಕೆ ಹಳೆಯ ಕಾಲದ ಉಡುಪು ತೊಡಿಸದೆ ಯಾರೂ ಬೀದಿಗೆ ಬಿಡುತ್ತಿರಲಿಲ್ಲ. ಬ್ಯಾಂಕು ಎಂದರೆ ಫ್ಲಾರೆನ್ಸಿನ ಅರಮನೆಯ ಹಾಗೆ ಮೋರೆ ಗಂಟು ಹಾಕಿಕೊಂಡಿರಬೇಕು. ಶಾಲೆಗೆ ಗ್ರೀಕರ ಕಂಬ ಬೇಕು. ಬೆಂಕಿ ಆರಿಸುವವರ ಗೋಪುರಕ್ಕೂ ಹಳೆಯ ಚರ್ಚಿನ ಚೂಪು ತುದಿ ಬೇಕು. ಸಿನಗಾಗ್ ಎಂದರಂತೂ ಕೆಂಪು ಹಳದಿ ಪಟ್ಟೆ, ಕುದುರೆ ಲಾಳದಂಥ ಕಮಾನು ಇಲ್ಲದಿದ್ದರೆ ಅದು ಸಿನಗಾಗೇ ಅಲ್ಲ. ಆರ್ಮಿನ್ ಇವನ್ನೆಲ್ಲ ರಾಜಧಾನಿ ಪೆಸ್ಟ್‌ನಲ್ಲೂ ವಿಯೆನ್ನಾದಲ್ಲೂ ಕಲಿತು, ಮೀಸೆ ತಿರುವಿಕೊಂಡು ಊರಿಗೆ ಬಂದಿದ್ದ. ಕಟ್ಟಿಸುವವರು ಬಂದರೆ ಅವನು ಮೊದಲು ಕೇಳುತ್ತಿದ್ದ ಪ್ರಶ್ನೆ ಇದು: "ನಿಮ್ಮ ಕಟ್ಟಡದ ಅಜ್ಜ ಯಾರು ಅಂತ ತೀರ್ಮಾನ ಮಾಡಿದೀರಾ? ಇಲ್ಲಾಂದ್ರೆ ನಾನೇ ಒಬ್ಬನನ್ನ ಹುಡುಕಿಕೊಡ್ತೀನಿ."

ಅವನ ಸ್ವಂತ ಅಜ್ಜ ಅಪ್ಪಂದಿರು ಗಾಜಿನವರು. ಅಪ್ಪ ಫೈವೆಲ್ ಬೆನ್ನಿಗೆ ಮರದ ಚೌಕಟ್ಟು ಕಟ್ಟಿಕೊಂಡು, ಅದರಲ್ಲಿ ಗಾಜು ಇಟ್ಟುಕೊಂಡು ಹಳ್ಳಿ ಹಳ್ಳಿ ತಿರುಗಿ ಒಡೆದ ಕಿಟಕಿಗಳಿಗೆ ಗಾಜು ಕೂರಿಸಿ ಮಗನನ್ನು ಓದಿಸಿದವನು. ಮುದುಕನಿಗೆ ಈಗ ಎಪ್ಪತ್ತಾರು. ಮಗನ ಕಟ್ಟಡಗಳ ಬಗ್ಗೆ ಅವನದು ಒಂದೇ ಅಭಿಪ್ರಾಯ: "ಕಿಟಕಿ ಚಿಕ್ಕದಾಯ್ತು."

ಊರಿನ ಮೇಸ್ತ್ರಿಗಳಲ್ಲಿ ಒಂದು ಕಟ್ಟಳೆ ಇತ್ತು. ಗುಮ್ಮಟವನ್ನೋ ದೊಡ್ಡ ಕಮಾನನ್ನೋ ಕಟ್ಟುವಾಗ ಅಡಿಯಲ್ಲಿ ಮರದ ಸೆಂಟ್ರಿಂಗ್ ಕೊಟ್ಟಿರುತ್ತಾರಷ್ಟೆ. ಗಾರೆ ಬಿಗಿದ ಮೇಲೆ ಬೆಣೆಗಳನ್ನು ಹೊಡೆದು ಆ ಮರವನ್ನು ಇಳಿಸುವ ದಿನ, ನಕ್ಷೆ ಮಾಡಿದವರು ಅದರ ಕೆಳಗೆ ನಿಂತಿರಬೇಕು. ನಿಲ್ಲದಿದ್ದರೆ ಒಬ್ಬ ಕೆಲಸಗಾರನೂ ಬೆಣೆಗೆ ಸುತ್ತಿಗೆ ಹಾಕುವುದಿಲ್ಲ. ಇದು ಕ್ಯಾಥಲಿಕ್, ಪ್ರಾಟೆಸ್ಟೆಂಟ್, ಯೆಹೂದಿ ಎಂದು ನೋಡುವ ಕಟ್ಟಳೆಯಲ್ಲ. ಆರ್ಮಿನ್ ಹೀಗೆ ಹನ್ನೊಂದು ಸಲ ನಿಂತಿದ್ದ. ಕೈಗಳನ್ನು ಹಿಂದೆ ಕಟ್ಟಿ, ಬಾಯಲ್ಲಿ ಚುರುಟು ಇಟ್ಟುಕೊಂಡು, ತಲೆ ಎತ್ತಿ ನಿಲ್ಲುತ್ತಿದ್ದ. ಸೆಂಟ್ರಿಂಗ್ ಇಳಿದು ಗುಮ್ಮಟದ ಹೊಟ್ಟೆ ಮೊದಲ ಸಲ ಕಣ್ಣಿಗೆ ಬೀಳುವ ಆ ಗಳಿಗೆಗಾಗಿಯೇ ತಾನು ಈ ಕಸುಬಿಗೆ ಬಂದದ್ದು ಎಂದು ಅವನು ಹೇಳುತ್ತಿದ್ದ. ಒಂದು ಸಲವೂ ಹೆದರಿರಲಿಲ್ಲ. ಅದನ್ನು ಊರಿಗೆಲ್ಲ ಹೇಳಿಕೊಂಡು ಬರುವುದನ್ನೂ ಮರೆತಿರಲಿಲ್ಲ.

ಅಷ್ಟರಲ್ಲಿ ಊರಿನ ಯೆಹೂದಿಗಳ ಹಳೆಯ ಸ್ಮಶಾನ ತುಂಬುತ್ತ ಬಂತು. ಅಂತ್ಯಕ್ರಿಯೆ ಸಂಘದವರು ಲೆಕ್ಕ ಹಾಕಿದರೆ ಉಳಿದಿದ್ದು ಒಂಬತ್ತೇ ಜಾಗ. ಊರಾಚೆ ಒಂದು ಆಲೂಗಡ್ಡೆ ಹೊಲ ಕೊಂಡರು. ಅಲ್ಲಿ ಗೋಡೆ, ಗೇಟು, ಶವ ತೊಳೆಯುವ ಕೋಣೆ, ಪ್ರಾರ್ಥನೆಗೆ ಗುಮ್ಮಟವಿರುವ ಒಂದು ಸಭಾಂಗಣ ಬೇಕೆಂದರು. ಈ ಕೆಲಸ ಆರ್ಮಿನನಿಗೆ ಬೇಕಿತ್ತು. ರಂಗಮಂದಿರಕ್ಕಿಂತ, ಪುರಭವನಕ್ಕಿಂತ ಹೆಚ್ಚಾಗಿ ಬೇಕಿತ್ತು. ಹನ್ನೆರಡು ವರ್ಷದವನಿದ್ದಾಗ ಅವನ ತಾಯಿ ತೀರಿಕೊಂಡಿದ್ದಳು. ಹಳೆಯ ಸ್ಮಶಾನದ ಹಲಗೆಯ ಶೆಡ್ಡಿನಲ್ಲಿ ಅವಳನ್ನು ಮಲಗಿಸಿದ್ದಾಗ ಮಳೆ ಬಂದು, ಸೋರುವ ಸೂರಿನಿಂದ ನೀರು ಅವಳ ಮೇಲೆ ಹೊದಿಸಿದ್ದ ಬಿಳಿ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಯನ್ನು ಬಿಟ್ಟು.

ತೊಡಕು ಏನೆಂದರೆ, ರಾಪಪೋರ್ಟರು ಕೊಹೆನ್ ಮನೆತನದವರು. ಎಂದರೆ ಯೆಹೂದಿಗಳ ಹಳೆಯ ಮಹಾದೇವಾಲಯದ ಅರ್ಚಕರ ವಂಶ. ದೇವಾಲಯ ಬಿದ್ದು ಸಾವಿರದೆಂಟುನೂರು ವರ್ಷವಾದರೂ ಕಟ್ಟುಪಾಡು ಬಿದ್ದಿರಲಿಲ್ಲ: ಕೊಹೆನ್ ಆದವನಿಗೆ ಹೆಣದ ಮೈಲಿಗೆ ಆಗಬಾರದು. ಹೆತ್ತವರು, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಸತ್ತಾಗ ಮಾತ್ರ ವಿನಾಯಿತಿ. ಉಳಿದವರ ಗೋರಿಯಿಂದ ನಾಲ್ಕು ಮೊಳ ದೂರವಿದ್ದರೆ ಸಾಕೆಂದು ಗ್ರಂಥ ಹೇಳುತ್ತದಂತೆ. ಹೊಲ್ದವಾರದ ರೂಢಿ ಗ್ರಂಥಕ್ಕಿಂತ ಬಿಗಿ. ಇಲ್ಲಿ ಕೊಹೆನ್ ಸ್ಮಶಾನದ ಗೇಟನ್ನೇ ದಾಟುವುದಿಲ್ಲ. ಆರ್ಮಿನ್ ಪೆಸ್ಟ್‌ನಲ್ಲಿ ಏನೇನು ತಿಂದನೋ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆದರೆ ಇದೊಂದನ್ನು ಅವನು ಬಿಟ್ಟಿರಲಿಲ್ಲ.

ಸಂಘದ ಯಜಮಾನ ಮೆಂಡೆಲ್ ಶ್ಪಿಟ್ಸರ್, ಬಾತುಕೋಳಿ ಪುಕ್ಕದ ವ್ಯಾಪಾರಿ, ಒಳ್ಳೆಯವನೇ, ಆದರೆ ಪೆಸ್ಟ್‌ನಿಂದ ಬಂದದ್ದೆಲ್ಲ ಚಿನ್ನ ಎಂದು ನಂಬಿದವನು. ಅವನು ಸಭೆಯಲ್ಲಿ ಪೆಸ್ಟ್‌ನ ಇನ್ನೊಬ್ಬ ವಾಸ್ತುಶಿಲ್ಪಿಯ ನಕ್ಷೆ ಬಿಚ್ಚಿಟ್ಟ. ಕಮಲದ ಕಂಬ, ರೆಕ್ಕೆಯ ಸೂರ್ಯ, ಇಳಿಜಾರು ಬಾಗಿಲು.

"ಈಜಿಪ್ಟ್ ಶೈಲಿ," ಎಂದ ಮೆಂಡೆಲ್. "ರಾಜಧಾನೀಲಿ ಸ್ಮಶಾನಕ್ಕೆ ಈಗ ಇದೇ ಚಾಲ್ತಿ."

ಮೂಲೆಯಲ್ಲಿ ಕೂತಿದ್ದ ಫೈವೆಲ್ ಮುದುಕ ಕನ್ನಡಕ ಏರಿಸಿ ನೋಡಿದ. "ಅಲ್ಲಯ್ಯಾ ಮೆಂಡೆಲ್, ಅಲ್ಲಿ ಗುಲಾಮರಾಗಿದ್ದ ನಮ್ಮೋರಿಗೆ ಹೊರಗೆ ಬರೋಕೆ ನಲವತ್ತು ವರ್ಷ ಹಿಡೀತು. ಈಗ ಹೆಣಾನೆಲ್ಲ ವಾಪಸ್ ಅಲ್ಲಿಗೇ ಕಳಿಸ್ತೀಯಾ?"

ಸಭೆ ಬಿದ್ದು ಬಿದ್ದು ನಕ್ಕಿತು. ಈಜಿಪ್ಟ್ ಅಲ್ಲಿಗೇ ಮುಳುಗಿತು. ನಗು ಇಳಿಯುವ ಮುಂಚೆಯೇ ಆರ್ಮಿನ್ ಎದ್ದು ನಿಂತ.

"ನಾನು ಕಟ್ತೀನಿ. ಅಲ್ಲಿ ಇನ್ನೂ ಒಂದು ಗೋರಿನೂ ಇಲ್ಲ. ಗೋರಿ ಇಲ್ಲದ ತನಕ ಅದು ಆಲೂಗಡ್ಡೆ ಹೊಲ. ಆಲೂಗಡ್ಡೆಯಿಂದ ಯಾವ ಕೊಹೆನ್‌ಗೆ ಮೈಲಿಗೆ ಆಗಿದೆ ಹೇಳಿ? ಹಳೇದ್ರಲ್ಲಿ ಒಂಬತ್ತು ಜಾಗ ಇದೆಯಲ್ಲ, ಅದು ತುಂಬೋದ್ರೊಳಗೆ ಮುಗಿಸ್ತೀನಿ."

ಮೆಂಡೆಲ್ ಫೈವೆಲ್‌ನ ಮುಖ ನೋಡಿದ. ಮುದುಕ ಈಗ ನಗುತ್ತಿರಲಿಲ್ಲ.

"ಮಾತು ಕೊಡು," ಎಂದ ಅವನು ಮಗನಿಗೆ. "ಮೊದಲನೇ ಹೆಣ ಒಳಗೆ ಹೋದ ದಿನದಿಂದ ನೀನು ಆ ಗೇಟು ದಾಟಬಾರದು. ಕೆಲಸ ಮುಗಿದಿರಲಿ, ಬಿಡಲಿ."

ಆರ್ಮಿನ್ ಅಪ್ಪನ ಕೈ ಮೇಲೆ ಕೈ ಹಾಕಿ, ಸಭೆಯ ಎದುರಿಗೆ ಮಾತು ಕೊಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನಿಗೆ ಆಗ ಅದು ದೊಡ್ಡ ಮಾತೆಂದು ಅನ್ನಿಸಿರಲೂ ಇಲ್ಲ. ಎಷ್ಟೋ ಕೆಲಸಗಳನ್ನು ಅವನು ಹೇಳಿದ ದಿನಕ್ಕೆ ಮುಗಿಸಿದ್ದ.

ಆ ನಕ್ಷೆಗೆ ಅವನು ಯಾವ ಉಡುಪನ್ನೂ ತೊಡಿಸಲಿಲ್ಲ. ಪಟ್ಟೆಯಿಲ್ಲ, ಲಾಳದ ಕಮಾನಿಲ್ಲ, ಗ್ರೀಕರ ಕಂಬವಿಲ್ಲ. ಹತ್ತು ಮೀಟರ್ ಅಗಲದ ಬರೀ ಇಟ್ಟಿಗೆಯ ಗುಮ್ಮಟ, ಸಾಲಿನ ಮೇಲೆ ಸಾಲು ಸುತ್ತುತ್ತ ಏರಿ ನೆತ್ತಿಯಲ್ಲೊಂದು ಗಾಜಿನ ಕಣ್ಣು. ಆ ಗಾಜನ್ನು ಕತ್ತರಿಸಿ ಕೊಟ್ಟವನು ಫೈವೆಲ್. ಕಬ್ಬಿಣದ ಬಳೆಯಲ್ಲಿ ಅದನ್ನು ಮನೆಯಲ್ಲೇ ಕೂರಿಸಿ, "ಇದು ಸಾಲದು, ಚಿಕ್ಕದಾಯ್ತು," ಎಂದು ಹೇಳಿ ಗಾಡಿಗೆ ಏರಿಸಿದ. ನಕ್ಷೆ ನೋಡಿದ ಮೆಂಡೆಲ್ ಕೆನ್ನೆ ಕೆರೆದುಕೊಂಡು ಕೇಳಿದ, "ಇದರ ಅಜ್ಜ ಯಾರು ರಾಪಪೋರ್ಟ್ ಅವರೇ?"

"ಇದು ಅನಾಥ," ಎಂದ ಆರ್ಮಿನ್. "ನಾನೇ ಸಾಕ್ಕೊಂಡೆ."

ಸಾಕಿದವರು ಇಬ್ಬರು, ಅವನು ಹೇಳಿದ್ದು ಒಬ್ಬನನ್ನು. ಹೆಂಡತಿ ಗಿಜೆಲ್ಲಾ ಮದುವೆಯಾದ ಮರುವರ್ಷದಿಂದಲೂ ಅವನ ಮೇಜಿನ ಎದುರು ಇನ್ನೊಂದು ಮೇಜು ಹಾಕಿಕೊಂಡು ಕೂರುತ್ತಿದ್ದಳು. ಅವನು ಸೀಸದಕಡ್ಡಿಯಲ್ಲಿ ಗೀಚಿದ್ದನ್ನು ಅವಳು ಮಸಿಯಲ್ಲಿ ತಿದ್ದಿ, ಅಳತೆ ಬರೆದು, ಮೇಸ್ತ್ರಿಗೆ ಕಳಿಸುತ್ತಿದ್ದಳು. ತನ್ನ ಕೈ ಒರಟು, ಅವಳದು ನಯ, ಅದಕ್ಕೇ ಎಂದು ಅವನು ತಿಳಿದಿದ್ದ. ಕೆಳಗೆ ಸಹಿ ಮಾತ್ರ ಅವನದು, ಅರ್ಧ ಕಾಗದ ತುಂಬುವಷ್ಟು ದೊಡ್ಡದು.

ವಸಂತದಲ್ಲಿ ಪಾಯ ಬಿತ್ತು. ಆಮೇಲೆ ಊರು ಕಂಡ ತಮಾಷೆಯೇ ತಮಾಷೆ. ಆರ್ಮಿನ್ ರಾಪಪೋರ್ಟ್ ಊರಿನ ಕಾಯಿಲೆಯವರ ಪಟ್ಟಿ ಮಾಡಿಕೊಂಡ. ಯಾರಿಗೆ ಕೆಮ್ಮು, ಯಾರಿಗೆ ಎದೆನೋವು, ಯಾರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ ಎಂಬುದೆಲ್ಲ ಅವನಿಗೆ ವೈದ್ಯನಿಗಿಂತ ಚೆನ್ನಾಗಿ ಗೊತ್ತಿತ್ತು. ಗಿಜೆಲ್ಲಾಳ ಅಡುಗೆಮನೆಯಿಂದ ಮುಚ್ಚಿದ ಪಾತ್ರೆಗಳಲ್ಲಿ ಕೋಳಿ ಸಾರು ಹೊರಡುತ್ತಿತ್ತು. ಬಾತುಕೋಳಿ ಪುಕ್ಕದ ಹೊದಿಕೆ ಹೊರಡುತ್ತಿತ್ತು. ಕಿಟಕಿಯ ಸಂದಿಯಲ್ಲಿ ಗಾಳಿ ಬರುತ್ತಿದ್ದರೆ ಫೈವೆಲ್‌ನೇ ಹೋಗಿ ಮುಚ್ಚಿ ಬರುತ್ತಿದ್ದ. "ರಾಪಪೋರ್ಟ್ ಮನೆ ಸಾರು ಬಂತು ಅಂದ್ರೆ ಉಯಿಲು ಬರೆದಿಡೋದು ಒಳ್ಳೇದು," ಎಂದು ಮಾರುಕಟ್ಟೆಯಲ್ಲಿ ಹೆಂಗಸರು ನಗುತ್ತಿದ್ದರು.

ಇಷ್ಟೆಲ್ಲ ಮಾಡಿದರೂ ಸಾಯುವವರು ಸತ್ತರು. ಬೇಸಗೆ ಮುಗಿಯುವಷ್ಟರಲ್ಲಿ ಎಂಟು ಜಾಗ ತುಂಬಿತು. ಉಳಿದಿದ್ದ ಒಂಬತ್ತನೆಯದು ಪೆಸ್ಸೆಲ್ ಮುದುಕಿಯದು. ತೊಂಬತ್ತಮೂರು ವರ್ಷದ ಪೆಸ್ಸೆಲ್ ಗಂಡನ ಪಕ್ಕದ ಆ ಜಾಗವನ್ನು ಮೂವತ್ತು ವರ್ಷದ ಹಿಂದೆಯೇ ಹಿಡಿದಿಟ್ಟಿದ್ದಳು. ಆರ್ಮಿನ್ ವಾರಕ್ಕೆರಡು ಸಲ ಅವಳ ಮನೆಗೆ ತಾನೇ ಸಾರು ಹೊತ್ತು ಹೋಗುತ್ತಿದ್ದ.

"ಹೇಗಿದೀರಿ ಅಜ್ಜೀ?"

"ಉಪ್ಪು ಕಮ್ಮಿ," ಎನ್ನುತ್ತಿದ್ದಳು ಅವಳು ಚಮಚ ನೆಕ್ಕಿ. "ಗುಮ್ಮಟ ಎಲ್ಲಿಗೆ ಬಂತು?"

"ಮುಚ್ಚಿದ್ವಿ ಅಜ್ಜಿ. ಗಾರೆ ಬಿಗೀಬೇಕು. ಅಕ್ಟೋಬರ್ ಮೊದಲ್ನೇ ಸೋಮವಾರ ಸೆಂಟ್ರಿಂಗ್ ಇಳಿಸ್ತೀವಿ."

"ಅಲ್ಲೀತನಕ ಇರ್ತೀನಿ ಬಿಡು. ನಾಳೆ ಒಂಚೂರು ಕರಿಮೆಣಸು ಹಾಕಿಸು."

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರಲ್ಲ. ಆರ್ಮಿನ್ ಊರಿನವರ ಆಯಸ್ಸನ್ನೆಲ್ಲ ಅಳೆದಿದ್ದ. ದಾರಿಯಲ್ಲಿ ಹೋಗುವವರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆ ಸೋಮವಾರಕ್ಕೆ ನಾಲ್ಕು ದಿನ ಇರುವಾಗ, ಗುರುವಾರ ಬೆಳಿಗ್ಗೆ, ಮೆಂಡೆಲ್ ಶ್ಪಿಟ್ಸರ್ ಕೊಡೆ ಮಡಿಸುತ್ತ ಅವನ ಕಚೇರಿಗೆ ಬಂದ. ಹೊರಗೆ ಎರಡು ದಿನದಿಂದ ಹಿಡಿದ ಮಳೆ.

"ಛತ್ರದಲ್ಲಿ ಒಬ್ಬ ತೀರ್ಕೊಂಡ," ಎಂದ. "ಬಟ್ಟೆ, ಗುಂಡಿ, ಸೂಜಿ ಮಾರ್ಕೊಂಡು ಬರೋ ಮೂಟೆ ವ್ಯಾಪಾರಿ. ಗಲೀಷಿಯಾ ಕಡೆಯವನು ಅನ್ಸತ್ತೆ. ನಿನ್ನೆ ಸಂಜೆ ಕೆಮ್ಮುತ್ತಾ ಬಂದ, ಇವತ್ತು ಬೆಳಗಾಗೋಷ್ಟರಲ್ಲಿ ಇಲ್ಲ. ಹೆಸರೂ ಗೊತ್ತಿಲ್ಲ ಪಾಪ."

ಆರ್ಮಿನ್ ಸೀಸದಕಡ್ಡಿ ಕೆಳಗಿಟ್ಟ. ಸತ್ತವನನ್ನು ಅಂದೇ ಮಣ್ಣು ಮಾಡಬೇಕು, ತಡವೆಂದರೆ ಮರುದಿನ. ಅದಕ್ಕಿಂತ ಕಾಯಿಸುವುದು ಯೆಹೂದಿಗಳಲ್ಲಿಲ್ಲ.

"ಪೆಸ್ಸೆಲ್ ಅಜ್ಜಿ ಜಾಗ?"

"ಕೇಳಿದೆ. 'ಮದುವೆಯಾಗಿ ಎಪ್ಪತ್ತು ವರ್ಷ ಮರ್ಯಾದೆಯಿಂದ ಬಾಳಿದೀನಿ, ಈಗ ನನ್ನ ಗಂಡನ ಪಕ್ಕ ಯಾವನೋ ಪರಗಂಡಸನ್ನ ತಂದು ಮಲಗಿಸ್ತೀರಾ?' ಅಂತ ಊರುಗೋಲು ಎತ್ತಿದ್ಲು."

ಆರ್ಮಿನ್ ಕೋಟು ಹಾಕಿಕೊಂಡು, ಮೆಂಡೆಲ್‌ನನ್ನೂ ಕರೆದುಕೊಂಡು ಹೊಸ ಸ್ಮಶಾನಕ್ಕೆ ಹೋದ. ಸಭಾಂಗಣದ ಒಳಗೆ ಕಾಡಿನ ಹಾಗೆ ಮರದ ಕಂಬಗಳು ನಿಂತಿದ್ದವು. ಮೇಲೆ ನೋಡಿದರೆ ಬರೀ ಹಲಗೆ. ಬಾಲಿಂಟ್ ಮೇಸ್ತ್ರಿ ಕೈಯಿಂದ ಗೋಡೆ ಸವರಿ ನೋಡುತ್ತಿದ್ದ. ಈ ಬಾಲಿಂಟ್ ಆರ್ಮಿನನ ಜತೆ ಹನ್ನೊಂದು ಗುಮ್ಮಟಗಳ ಸೆಂಟ್ರಿಂಗ್ ಇಳಿಸಿದ ಮನುಷ್ಯ, ಪ್ರಾಟೆಸ್ಟೆಂಟ್, ಮಾತು ಕಡಿಮೆ, ಕೈ ಬಂಗಾರ.

"ಇವತ್ತು ಇಳಿಸೋಕೆ ಆಗುತ್ತಾ ಬಾಲಿಂಟ್? ಮಧ್ಯಾಹ್ನ ಹೆಣ ಬರೋದ್ರೊಳಗೆ?"

"ಮಳೆ ಹಿಡಿದೈತೆ, ಗಾರೆ ಇನ್ನೂ ಹಸಿ ಐತೆ. ಸೋಮವಾರ ಅಂದಿದ್ದೇ ನೀವು. ಇವತ್ತು ಅನ್ನೋರು ಯಾರು, ನೀವೇನಾ ಸ್ವಾಮಿ?"

"ನಾನೇ."

"ಹಂಗಾದ್ರೆ ನಿಮಗೆ ಜ್ವರ ಬಂದೈತೆ. ಸುಣ್ಣಕ್ಕೆ ಯಾರ ಅವಸರಾನೂ ಗೊತ್ತಾಗಲ್ಲ. ಬೆಣೆ ಹೊಡೆದ್ರೆ ಎಲ್ಲಾ ತಲೆ ಮೇಲೇ ಬರ್ತದೆ."

ಅದು ಆರ್ಮಿನನಿಗೂ ಗೊತ್ತಿದ್ದ ವಿಷಯವೇ. ಮೆಂಡೆಲ್ ಅವನ ಮುಖ ನೋಡಲಾರದೆ ಕೊಡೆಯ ತುದಿಯಿಂದ ನೆಲ ಕೆದಕಿದ. ಆಮೇಲೆ ತಾನೇ ಒಂದು ದಾರಿ ಹೇಳಿದ: "ನಾದಾಶ್ ಹಳ್ಳೀಲಿ ನಮ್ಮೋರ ಸ್ಮಶಾನ ಇದೆ. ನಾಲ್ಕು ಗಂಟೆ ದಾರಿ. ಗಾಡೀಲಿ ಕಳಿಸಿದ್ರೆ ಕತ್ತಲಾಗೋದ್ರೊಳಗೆ ಅಲ್ಲೇ ಮಣ್ಣು ಮಾಡ್ತಾರೆ. ಶಾಸ್ತ್ರಕ್ಕೆ ಅಡ್ಡಿ ಇಲ್ಲ. ನೀವು ಈ ಊರಿಗೆ ಇಷ್ಟು ಮಾಡಿದೀರಿ. ನಾವು ನಿಮಗೆ ಇಷ್ಟಾದ್ರೂ ಮಾಡಬಾರ್ದಾ?"

"ಸರಿ," ಎಂದ ಆರ್ಮಿನ್. "ಕಳಿಸಿ."

ಹೇಳಿದ್ದು ಸುಲಭವಾಗಿಯೇ. ಮನೆಗೆ ಬಂದು ಗಿಜೆಲ್ಲಾಳಿಗೂ ಹಾಗೆಯೇ ಹೇಳಿದ. ಅವಳು ಕೈಯಲ್ಲಿದ್ದ ಪೆನ್ನನ್ನು ಮಸಿ ಕುಡಿಕೆಯ ಪಕ್ಕಕ್ಕಿಟ್ಟು, "ಸಾರು ಬಿಸಿ ಇದೆ, ಊಟ ಮಾಡಿ," ಎಂದಳು. ಅವಳು ಬೈದಿದ್ದರೆ ಅವನು ಜಗಳವಾಡಿ ಹಗುರಾಗುತ್ತಿದ್ದ. ಬೈಯಲಿಲ್ಲ. ಅವನು ಒಂದು ತುತ್ತು ತಿಂದು ಎದ್ದ. ಯಾಕೆ ಎದ್ದನೋ, ಛತ್ರದ ಕಡೆಗೆ ಯಾಕೆ ನಡೆದನೋ ಅವನಿಗೇ ಗೊತ್ತಿರಲಿಲ್ಲ. ಗಾಡಿ ಹೊರಟಿದೆಯೋ ಇಲ್ಲವೋ ನೋಡಿ ಬರೋಣ ಎಂದುಕೊಂಡ, ಅಷ್ಟೆ.

ಗಾಡಿ ಆಗಷ್ಟೇ ಹೊರಟಿತ್ತು. ಒಂಟಿ ಕುದುರೆ, ಮಣ್ಣು ಕಚ್ಚಿದ ಚಕ್ರ. ಹಿಂದೆ ಒಂದು ಹಳೆಯ ಟಾರ್ಪಾಲು ಹೊದಿಸಿದ್ದರು. ಟಾರ್ಪಾಲಿನ ಹರಕಿನಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಬಿಳಿ ಬಟ್ಟೆ ಒಂದು ಕಡೆ ಒದ್ದೆಯಾಗಿ ಸತ್ತವನ ಭುಜಕ್ಕೆ ಅಂಟಿಕೊಂಡಿತ್ತು.

ಆರ್ಮಿನ್ ರಸ್ತೆಯ ಮಧ್ಯೆ ನಿಂತುಬಿಟ್ಟ. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ತಾಯಿಯ ಮೇಲೆ ಬೀಳುತ್ತಿದ್ದ ಹನಿಗೆ ಕೈ ಅಡ್ಡ ಹಿಡಿದಿದ್ದು ಅವನ ಅಂಗೈಗೆ ನೆನಪಾಯಿತು. ಯಾರಿಗೋಸ್ಕರ ಈ ಸೂರು ಕಟ್ಟಿದೆ ಎಂದು ತನ್ನನ್ನು ತಾನು ಕೇಳಿಕೊಂಡಾಗ ಅವನಿಗೆ ನಾಚಿಕೆಯಾಯಿತು. ಬೀದಿಯಲ್ಲಿ ಯಾರೂ ಇಲ್ಲದಿದ್ದರೂ ಮುಖ ಬಿಸಿಯಾಗುವಷ್ಟು ನಾಚಿಕೆ.

"ತಿರುಗಿಸು," ಎಂದು ಗಾಡಿಯವನಿಗೆ ಕೂಗಿದ.

"ನಾದಾಶ್‌ಗಲ್ವಾ ಬುದ್ಧೀ?"

"ಅಲ್ಲ. ನಮ್ಮೂರಲ್ಲೇ. ಅಲ್ಲಿ ಸೋರದೇ ಇರೋ ಒಂದು ಸೂರು ಇದೆ."

ಆ ಮಧ್ಯಾಹ್ನವೇ ಮೂಟೆ ವ್ಯಾಪಾರಿಯನ್ನು ಹೊಸ ಸಭಾಂಗಣದ ಕಂಬಗಳ ನಡುವಿನ ಕಲ್ಲಿನ ಮೇಲೆ ಮಲಗಿಸಿದರು. ಒಂದು ಹನಿಯೂ ಒಳಗೆ ಬೀಳಲಿಲ್ಲ. ಹೆಸರು ಗೊತ್ತಿಲ್ಲದವನ ಪ್ರಾರ್ಥನೆಗೆ ಶಾಸ್ತ್ರದ ಪ್ರಕಾರ ಹತ್ತು ಜನ ಸಾಕಿತ್ತು, ನೂರಿಪ್ಪತ್ತು ಜನ ಬಂದರು, ಅರ್ಧ ಜನ ಪ್ರಾರ್ಥನೆಗೆ, ಅರ್ಧ ಜನ ಆರ್ಮಿನ್ ಗೇಟಿನ ಹೊರಗೆ ನಿಲ್ಲುವುದನ್ನು ನೋಡುವುದಕ್ಕೆ. ಅವನು ನಿಂತಿದ್ದ. ಪಕ್ಕದಲ್ಲಿ ಫೈವೆಲ್ ನಿಂತಿದ್ದ. ಅಪ್ಪ ಮಗ ಒಂದೇ ಕೊಡೆಯ ಕೆಳಗೆ.

ಎಲ್ಲ ಮುಗಿದು ಜನ ಹೊರಗೆ ಬಂದಾಗ ಮೆಂಡೆಲ್ ಅವನ ಎರಡೂ ಕೈ ಹಿಡಿದುಕೊಂಡ. "ನಿಮ್ಮ ಗುಮ್ಮಟ ನೀವೇ ನೋಡೋ ಹಾಗಿಲ್ಲವಲ್ಲ ರಾಪಪೋರ್ಟ್ ಅವರೇ," ಎಂದು ಕಣ್ಣು ತುಂಬಿಕೊಂಡ.

"ಯಾಕೆ ನೋಡಲ್ಲ? ಒಂದಿನ ನನ್ನನ್ನೂ ಹೊತ್ಕೊಂಡು ಬರ್ತೀರಲ್ಲ. ಗುಮ್ಮಟ ನೋಡೋಕೆ ಮಲಗಿರೋದೇ ವಾಸಿ, ಕುತ್ತಿಗೆ ನೋಯಲ್ಲ."

ಜನ ನಕ್ಕರು. ಬಾಲಿಂಟ್ ಮೇಸ್ತ್ರಿ ಮಾತ್ರ ನಗಲಿಲ್ಲ. ಎಲ್ಲರೂ ಹೋಗುವ ತನಕ ಕಾದು, ಟೊಪ್ಪಿ ಕೈಯಲ್ಲಿ ಹಿಡಿದು ಹತ್ತಿರ ಬಂದ.

"ಸೋಮವಾರ ಒಳಗೆ ಯಾರು ನಿಲ್ತಾರೆ ಸ್ವಾಮಿ?"

"ನೀನೇ ಇಳಿಸು. ನಾನು ಇಲ್ಲಿಂದ ನೋಡ್ತೀನಿ."

"ಆಗಲ್ಲ. ನಮ್ಮ ಹುಡುಗರು ಸುತ್ತಿಗೆ ಮುಟ್ಟಲ್ಲ. ನಿಮ್ಮ ಶಾಸ್ತ್ರ ನನಗೆ ಗೊತ್ತು, ಅವರಿಗೆ ಎಲ್ಲಿಂದ ಹೇಳ್ಲಿ? ರಾಪಪೋರ್ಟ್ ತನ್ನ ಗುಮ್ಮಟಕ್ಕೆ ತಾನೇ ಹೆದರ್ದ ಅಂತಾರೆ. ನಾಳೆ ಊರೆಲ್ಲ ಅದೇ ಆಗ್ತದೆ."

ಆರ್ಮಿನನ ಮುಖ ಗಂಟಿಕ್ಕಿತು. ಸೆಂಟ್ರಿಂಗ್ ಇಳಿಯದಿದ್ದರೆ ಆ ಸಭಾಂಗಣ ಎಂದೆಂದಿಗೂ ಕಂಬಗಳ ಕಾಡೇ. ಅಪ್ಪನಿಗೆ ಕೊಟ್ಟ ಮಾತು ಒಂದು ಕಡೆ, ಮೇಸ್ತ್ರಿಗಳ ಕಟ್ಟಳೆ ಇನ್ನೊಂದು ಕಡೆ. ಹೊಸಬನನ್ನು ಪೆಸ್ಟ್‌ನಿಂದ ಕರೆಸಿ, ಅವನ ಹೆಸರಿನಲ್ಲಿ ಇಳಿಸಬೇಕಾದೀತು. ಅದು ಸಾವಿಗಿಂತ ಕಡೆ.

"ನಾನು ನಿಲ್ತೀನಿ," ಎಂದಳು ಪ್ರಾರ್ಥನೆ ಮುಗಿಸಿ ಬಂದು ಹಿಂದೆಯೇ ನಿಂತಿದ್ದ ಗಿಜೆಲ್ಲಾ.

ಮೂವರು ಗಂಡಸರೂ ತಿರುಗಿ ನೋಡಿದರು. ಕೊಹೆನ್‌ನ ಕಟ್ಟುಪಾಡು ಕೊಹೆನ್‌ನ ಹೆಂಡತಿಗೆ ಇಲ್ಲ. ಅಂತ್ಯಕ್ರಿಯೆ ಸಂಘದ ಹೆಂಗಸರಲ್ಲಿ ಅವಳೂ ಒಬ್ಬಳು, ಎಷ್ಟೋ ಮುದುಕಿಯರನ್ನು ತೊಳೆದು ಬಟ್ಟೆ ಉಡಿಸಿದವಳು.

"ನೀನಾ? ಬೇಡ," ಎಂದ ಆರ್ಮಿನ್ ಥಟ್ಟನೆ. "ನಕ್ಷೆ ಮಾಡಿದವರು ನಿಲ್ಲಬೇಕು ಅನ್ನೋದು ಅವರ ಕಟ್ಟಳೆ."

"ಬಾಲಿಂಟ್," ಎಂದಳು ಅವಳು ಗಂಡನ ಕಡೆ ನೋಡದೆ, "ನಕ್ಷೆ ಯಾರು ಮಾಡ್ತಾರೆ ಅಂತ ನಿನಗೆ ಗೊತ್ತಿಲ್ವಾ?"

ಮೇಸ್ತ್ರಿ ಕಿವಿ ತುರಿಸಿಕೊಂಡ. "ಗೊತ್ತು ಅಮ್ಮಾವ್ರೇ. ಅಳತೆ ಎಲ್ಲಾ ನಿಮ್ಮ ಕೈ ಅಕ್ಷರಾನೇ ಅಲ್ವಾ." ಆಮೇಲೆ ಯಜಮಾನನ ಕಡೆಗೆ ತಿರುಗಿ, ತಪ್ಪು ಮಾಡಿದವನ ಹಾಗೆ ಮೆಲ್ಲಗೆ ಹೇಳಿದ: "ರಂಗಮಂದಿರದ ತೊಲೆ ನೀವು ಇಪ್ಪತ್ತು ಸೆಂಟಿಮೀಟರ್ ಅಂತ ಬರ್ದಿದ್ರಿ ಸ್ವಾಮಿ. ನನ್ನ ಕೈಗೆ ಬಂದಾಗ ಮಸೀಲಿ ಮೂವತ್ತು ಅಂತ ಇತ್ತು. ಇಪ್ಪತ್ತೇ ಇದ್ದಿದ್ರೆ ನಾಟಕಕ್ಕೆ ಯಾರೂ ಹೋಗ್ತಿರ್ಲಿಲ್ಲ, ಹೋದೋರು ವಾಪಸ್ ಬರ್ತಿರ್ಲಿಲ್ಲ."

ಆರ್ಮಿನನಿಗೆ ಇದು ಹೊಸ ಸುದ್ದಿ. ಫೈವೆಲ್ ಕೊಡೆಯ ಕೆಳಗೆ ಕೆಮ್ಮಿ ನಗು ನುಂಗಿಕೊಂಡ. "ನಿಲ್ಲಲಿ ಬಿಡೋ," ಎಂದ ಮಗನಿಗೆ. "ನಿನಗಿಂತ ಅವಳು ನಿಂತ್ರೇ ನನಗೆ ಧೈರ್ಯ."

ಸೋಮವಾರ ಮಳೆ ಬಿಟ್ಟು ಬಿಸಿಲು ಬಂದಿತ್ತು. ಪೆಸ್ಸೆಲ್ ಅಜ್ಜಿಯನ್ನೂ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು. ಇಷ್ಟು ತಿಂಗಳು ಯಾವುದಕ್ಕಾಗಿ ಸಾರು ಕುಡಿದೆ ಎಂದು ನೋಡಬೇಕಿತ್ತಂತೆ. ಗಿಜೆಲ್ಲಾ ವಾರದ ಪವಿತ್ರ ದಿನವಾದ ಸಬ್ಬತ್ತಿಗೆಂದು ಇಟ್ಟಿದ್ದ ಕಪ್ಪು ರೇಷ್ಮೆ ಉಡುಪು ಹಾಕಿಕೊಂಡಿದ್ದಳು. ಗೇಟಿನ ಹತ್ತಿರ ಗಂಡನ ಟೈ ಸರಿಮಾಡಿ, ಅವನ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು. ಅವಳ ಹಿಂದೆ ಬಾಲಿಂಟ್ ಮತ್ತು ಆರು ಕೆಲಸಗಾರರು. ಬಾಗಿಲು ಮುಚ್ಚಿಕೊಂಡಿತು.

ಗೇಟಿನಿಂದ ಸಭಾಂಗಣಕ್ಕೆ ನಲವತ್ತು ಹೆಜ್ಜೆ. ಮೊದಲ ಬೆಣೆಯ ಸದ್ದು ಕೇಳಿತು. ಎರಡನೆಯದು. ಒಂದು ಸುತ್ತು ಮುಗಿಯಿತೆಂದು ಆರ್ಮಿನನಿಗೆ ಸದ್ದಿನಲ್ಲೇ ಗೊತ್ತಾಯಿತು. ಇನ್ನು ಸೆಂಟ್ರಿಂಗ್ ಒಂದು ಬೆರಳಷ್ಟು ಇಳಿಯುತ್ತದೆ, ಗುಮ್ಮಟ ತನ್ನ ಭಾರವನ್ನು ತಾನೇ ಹೊರಲು ಕಲಿಯುತ್ತದೆ. ಹನ್ನೊಂದು ಸಲ ಇದೇ ಗಳಿಗೆಯಲ್ಲಿ ಅವನು ಚುರುಟು ಎಳೆಯುತ್ತ ನಿಂತಿದ್ದ. ಈಗ ಚುರುಟು ಆರಿಹೋಗಿತ್ತು. ಅಳತೆಯಲ್ಲಿ ತಪ್ಪಿಲ್ಲ ಎಂದು ಅವನಿಗೆ ಗೊತ್ತಿತ್ತು. ಗಾರೆಯನ್ನು ಅವನೇ ಬೆರಳ ನಡುವೆ ಉಜ್ಜಿ ನೋಡಿದ್ದ. ಆದರೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಗೇಟಿನ ಕಬ್ಬಿಣದ ಸರಳನ್ನು ಹಿಡಿದುಕೊಂಡ. ಇದು ಏನು ಎಂದು ಅವನಿಗೆ ಒಂದು ಕ್ಷಣ ತಿಳಿಯಲೇ ಇಲ್ಲ. ನಲವತ್ತೆರಡು ವರ್ಷ ಬದುಕಿದವನಿಗೆ ಹೆದರಿಕೆಯ ಪರಿಚಯವೇ ಇರಲಿಲ್ಲ.

ಒಳಗೆ ಮರ ನರಳಿದ ಸದ್ದು. ಆಮೇಲೆ ಏನೋ ಕಳಚಿ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

"ಗಿಜೆಲ್ಲಾ!" ಎಂದು ಕೂಗಿದ. ಕಾಲು ಎದ್ದೇಬಿಟ್ಟಿತ್ತು. ಫೈವೆಲ್ ಅವನ ಕೋಟಿನ ಹಿಂಬದಿ ಹಿಡಿದುಕೊಂಡಿದ್ದ. ಮುದುಕ ಹಿಡಿತ ಬಿಡಲಿಲ್ಲ.

ಬಾಗಿಲು ತೆರೆಯಿತು. ಮೊದಲು ಸುಣ್ಣದ ಧೂಳು, ಅದರ ಹಿಂದೆ ಗಿಜೆಲ್ಲಾ. ಕಪ್ಪು ರೇಷ್ಮೆ ಬೆಳ್ಳಗಾಗಿತ್ತು, ಕೂದಲೂ ಬೆಳ್ಳಗಾಗಿತ್ತು. ಅವಸರವಿಲ್ಲದೆ ನಲವತ್ತು ಹೆಜ್ಜೆ ನಡೆದು ಬಂದಳು. ಹಿಂದಿನಿಂದ ಬಾಲಿಂಟ್ ಟೊಪ್ಪಿ ಎತ್ತಿ ಬೀಸಿದ, ಕೆಲಸಗಾರರು ಕೇಕೆ ಹಾಕಿದರು. ಪೆಸ್ಸೆಲ್ ಅಜ್ಜಿ ಊರುಗೋಲಿನಿಂದ ನೆಲ ಕುಟ್ಟಿ, "ನಿಂತ್ಕೊಂಡ್ತಾ? ನಿಂತ್ಕೊಂಡ್ತಲ್ಲಾ!" ಎಂದಳು.

"ಒಂದು ಹಲಗೆ ಬಿತ್ತು, ಅಷ್ಟೆ," ಎಂದಳು ಗಿಜೆಲ್ಲಾ. "ಮಾವಾ, ನಿಮ್ಮ ಗಾಜಿಂದ ಬೆಳಕು ಸೀದಾ ಆ ಕಲ್ಲಿನ ಮೇಲೇ ಬೀಳುತ್ತೆ. ಚಿಕ್ಕದಾಗಿಲ್ಲ, ಸರಿಯಾಗಿದೆ. ಇಟ್ಟಿಗೆ ಸಾಲು ಒಂದೊಂದೂ ಎಣಿಸಿದೆ ಕಣ್ರೀ, ಒಂದು ಕೂದಲೆಳೆ ಆ ಕಡೆ ಈ ಕಡೆ ಇಲ್ಲ. ನೀವು ಕಟ್ಟಿದ್ರಲ್ಲಿ ಇಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ."

ಆರ್ಮಿನ್ ಗುಮ್ಮಟದ ಬಗ್ಗೆ ಏನೂ ಕೇಳಲಿಲ್ಲ. ಸರಳನ್ನು ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ. ಮದುವೆಯಾದ ಮೇಲೆ ಸೆಂಟ್ರಿಂಗ್ ಇಳಿಸಿದ ಹತ್ತು ಗುಮ್ಮಟಗಳು, ಪ್ರತಿಸಲವೂ ತಾನು ಕುಣಿಯುತ್ತ ಹೊರಗೆ ಬಂದಾಗ ಬಾಗಿಲ ಹತ್ತಿರ ಸುಮ್ಮನೆ ನಿಂತಿರುತ್ತಿದ್ದ ಇವಳ ಮುಖ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂತು. ಆ ಮುಖವನ್ನು ಅವನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

"ಇಷ್ಟೂ ಸಲ ನಾನು ಒಳಗಿದ್ದಾಗ," ಎಂದ, "ಹೊರಗೆ ನಿನಗೆ ಹೀಗೇ ಆಗ್ತಿತ್ತಾ?"

"ಹೂಂ," ಎಂದಳು ಗಿಜೆಲ್ಲಾ, ತೋಳಿನ ಧೂಳು ಕೊಡವುತ್ತ. "ಮತ್ತೆ ಮದುವೆಯಾದ ಮೇಲೆ ಮೊದಲನೇ ಸಲ ನೀವು ನಿಂತು ಬಂದ ಮಾರನೇ ದಿನವೇ ನಿಮ್ಮ ಎದುರಿಗೆ ಮೇಜು ಹಾಕ್ಕೊಂಡು ಕೂತಿದ್ದು ಯಾಕೆ ಅಂದ್ಕೊಂಡ್ರಿ? ನನ್ನ ಅಕ್ಷರ ದುಂಡಗಿದೆ ಅಂತಾನಾ?"